ಸ್ಟೇಟಿವ್ ವರ್ಬ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವಾಗ ನನಗೆ ಒಂದು ಪದದ ಕೊರತೆ ಕಾಡುತ್ತಿದೆ. ವರ್ಬ್‌ಗಳ ಹಲವು ಬಗೆಗಳಿಗೆ ನಮ್ಮಲ್ಲಿ ಹೆಸರಿದೆ. ಸಕರ್ಮಕ, ಅಕರ್ಮಕ, ಸಹಾಯಕ ಕ್ರಿಯಾಪದ ಅಂದರೆ ಮಕ್ಕಳು ಬೇಗ ಹಿಡಿಯುತ್ತಾರೆ. ತೊಡಕಿರುವುದು ಸ್ಟೇಟಿವ್ ವರ್ಬ್‌ಗಳಲ್ಲಿ. ನೋ, ವಾಂಟ್, ಲೈಕ್, ಬಿಲಾಂಗ್, ಹ್ಯಾವ್, ಇಂಥವು. ಇವು ಯಾರೋ ಏನೋ ಮಾಡಿದ್ದನ್ನು ಹೇಳುವುದಿಲ್ಲ, ಹೇಗಿದೆ ಅನ್ನುವುದನ್ನು ಹೇಳುತ್ತವೆ. ಹಾಗಾಗಿ ಸಾಮಾನ್ಯವಾಗಿ ಇವಕ್ಕೆ ‘ಇಂಗ್’ ಸೇರುವುದಿಲ್ಲ. ಆದರೂ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅನ್ನುವ ಮಾತು ನಮ್ಮ ಕಡೆ ಎಲ್ಲೆಲ್ಲೂ ಕೇಳುತ್ತೆ, ಅಲ್ವಾ?

‘ಸ್ಥಿತಿವಾಚಕ ಕ್ರಿಯಾಪದ’ ಅನ್ನಬಹುದು. ಆದರೆ ಹೆಸರಿನೊಳಗೇ ಕ್ರಿಯೆ ಕೂತಿದೆಯಲ್ಲ! ಕ್ರಿಯಾಪದ ಅಂದ ಕೂಡಲೇ ಮಕ್ಕಳು ಕೆಲಸವನ್ನು ಹುಡುಕುತ್ತಾರೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ಟರು ಕ್ರಿಯಾಪದಕ್ಕೆ ಬಳಸುವ ‘ಎಸಕಪದ’ ಅಚ್ಚಗನ್ನಡದ್ದು, ಆದರೆ ಎಸಕ ಅಂದರೂ ಕೆಲಸವೇ. ಕ್ರಿಯಾಪದಕ್ಕೆ ಹಳೆಯ ವ್ಯಾಕರಣಗಳಲ್ಲಿರುವ ‘ಆಖ್ಯಾತ’ ಅನ್ನುವ ಹೆಸರಿಗೆ ಈ ತೊಂದರೆ ಇಲ್ಲ. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಆಖ್ಯಾತ ಪ್ರಕರಣವೇ ಇದೆ. ಇನ್ನೂ ಹಿಂದೆ ಹೋದರೆ, ಆಖ್ಯಾತದಲ್ಲಿ ಭಾವವೇ, ಅಂದರೆ ಆಗುವಿಕೆಯೇ, ಮುಖ್ಯ ಅನ್ನುತ್ತಾನೆ ವೇದದ ಪದಗಳ ಅರ್ಥ ಬಿಡಿಸುವ ನಿರುಕ್ತವನ್ನು ಬರೆದ ಯಾಸ್ಕ. ಆ ಭಾವಕ್ಕೆ ಅವನು ಕೊಡುವ ಆರು ಬಗೆಗಳು ಹುಟ್ಟುವುದು, ಇರುವುದು, ಮಾರ್ಪಡುವುದು, ಬೆಳೆಯುವುದು, ಕುಗ್ಗುವುದು, ನಾಶವಾಗುವುದು. ಎರಡನೆಯದನ್ನು ನೋಡಿ: ಸುಮ್ನೆ ಇರುವುದಕ್ಕೂ ಅಲ್ಲಿ ಜಾಗ ಇದೆ! ಆದರೆ ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಆಖ್ಯಾತ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಇರವುಪದ’ ಅಂದರೆ ಹೇಗೆ?

ಹೆಸರು ಏನೇ ಆಗಲಿ, ಇವನ್ನು ಗುರುತಿಸುವ ದಾರಿ ಕನ್ನಡದಲ್ಲೇ ಇದೆ ಎಂಬುದು ನನ್ನ ನಂಬಿಕೆ. ನೋ ಅಂದರೆ ನನಗೆ ಗೊತ್ತು. ವಾಂಟ್ ಅಂದರೆ ನನಗೆ ಬೇಕು. ಲೈಕ್ ಅಂದರೆ ನನಗೆ ಇಷ್ಟ. ಅದೇ ಓದುವುದು, ಓಡುವುದು, ಬರೆಯುವುದು ಆದರೆ ‘ನಾನು’. ‘ನನಗೆ’ ಬಂದ ಕಡೆ ‘ಇಂಗ್’ ಹಾಕುವ ಮುಂಚೆ ಒಮ್ಮೆ ನಿಲ್ಲಿ ಎಂದು ಮಕ್ಕಳಿಗೆ ಹೇಳುತ್ತೇನೆ. ಹಿಯರ್ ಮತ್ತು ಲಿಸನ್ ಕೂಡ ಇದರಿಂದ ಬೇರೆಯಾಗುತ್ತವೆ: ನನಗೆ ಕೇಳಿಸುತ್ತೆ, ನಾನು ಕೇಳುತ್ತೇನೆ. ಕನ್ನಡದ ಪ್ರಭಾವದಿಂದಲೇ ನಾವು ‘ಐ ಆಮ್ ನೋಯಿಂಗ್’ ಅನ್ನುತ್ತೇವೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೇಕು, ಸಾಕು, ಗೊತ್ತು, ಇವಕ್ಕೆ ಕನ್ನಡದಲ್ಲಿ ‘ಉತ್ತಿದ್ದೇನೆ’ ಹತ್ತುವುದೇ ಇಲ್ಲ. ‘ಬೇಕುತ್ತಿದ್ದೇನೆ’ ಅಂತ ಯಾರಾದರೂ ಅಂದಾರೆಯೇ?

ಆದರೆ ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ‘ನನಗೆ ಅರ್ಥ ಆಗ್ತಾ ಇಲ್ಲ’ ಅನ್ನುವುದು ಒಳ್ಳೆಯ ಕನ್ನಡವೇ. ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಹುಟ್ಟಿದ್ದು ಬಹುಶಃ ಇಲ್ಲಿಂದ. ಬಿಲೀವ್ ಅಂದರೆ ‘ನಾನು ನಂಬುತ್ತೇನೆ’, ಅಲ್ಲಿ ‘ನನಗೆ’ ಇಲ್ಲವೇ ಇಲ್ಲ, ಆದರೂ ಅದು ಸ್ಟೇಟಿವ್.

ಇನ್ನು ಹ್ಯಾವ್ ಎರಡೂ ಕಡೆ ನಿಲ್ಲುತ್ತದೆ. ತಮ್ಮಂದಿರಿದ್ದಾರೆ ಅನ್ನುವಾಗ ‘ಹ್ಯಾವಿಂಗ್’ ತಪ್ಪು, ಊಟ ಮಾಡ್ತಾ ಇದೀನಿ ಅನ್ನುವಾಗ ‘ಹ್ಯಾವಿಂಗ್ ಲಂಚ್’ ಸರಿ. ಟೇಸ್ಟ್ ಕೂಡ ಹಾಗೆಯೇ. ಸಾರು ರುಚಿಯಾಗಿದೆ ಅಂದರೆ ‘ಟೇಸ್ಟ್ಸ್ ಗುಡ್’, ಅಮ್ಮ ಸಾರಿನ ರುಚಿ ನೋಡ್ತಾ ಇದ್ದಾರೆ ಅಂದರೆ ‘ಈಸ್ ಟೇಸ್ಟಿಂಗ್’. ಹಾಗಾಗಿ ಸ್ಟೇಟಿವ್ ಪದಗಳ ಪಟ್ಟಿ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ವಾಕ್ಯದಲ್ಲಿ ಯಾವ ಅರ್ಥ ಇದೆ ಅನ್ನುವುದನ್ನೇ ನೋಡಿಸಬೇಕು.

ಬಲ್ಲವರು ತಿಳಿಸಿ: ‘ಇರವುಪದ’ ಅಥವಾ ಇಂಥದೇ ಬೇರೆ ಪದವನ್ನು ಈಗಾಗಲೇ ಯಾರಾದರೂ ಬಳಸಿದ್ದಾರೆಯೇ? ಮಂಗಳೂರು ಕಡೆಯ ‘ಗೊತ್ತುಂಟು’, ಧಾರವಾಡದ ‘ಗೊತ್ತೈತಿ’ ಆಡುವ ಮನೆಗಳ ಮಕ್ಕಳಿಗೂ ಈ ‘ನನಗೆ’ ಗುರುತು ಹೀಗೇ ನೆರವಾಗುತ್ತದೆಯೇ? ಅಲ್ಲಿ ಪಾಠ ಮಾಡುವವರು ಬರೆದರೆ ತುಂಬಾ ಉಪಕಾರ.