ಪದಚರ್ಚೆ: ‘ಎರಡೂ ಕೆಂಪಾಗದಿರುವ’ ಅಂದರೆ 1/10ಓ 7/10ಓ?

ಎಲ್ಲರಿಗೂ ನಮಸ್ಕಾರ.

ಹತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಮೊನ್ನೆ ಸಂಭವನೀಯತೆ ಹೇಳಿಕೊಡಲು ಹೊಲಿಗೆ ಡಬ್ಬಿಯಿಂದ 5 ಗುಂಡಿ ತೆಗೆದೆ. 3 ಕೆಂಪು, 2 ಬಿಳಿ. ‘ನೋಡದೆ ಎರಡು ಗುಂಡಿ ಎತ್ತಿದರೆ, ಎರಡೂ ಕೆಂಪಾಗದಿರುವ ಸಂಭವನೀಯತೆ ಎಷ್ಟು?’ ಅಂತ ಕೇಳಿದೆ. ಅವಳು 1/10 ಅಂದಳು. ನನ್ನ ತಲೆಯಲ್ಲಿದ್ದ ಉತ್ತರ 7/10.

ಗುಂಡಿ ಜೋಡಿಸಿ ಎಣಿಸಿದೆವು. ಒಟ್ಟು 10 ಜೋಡಿ. ಎರಡೂ ಕೆಂಪು 3, ಒಂದೊಂದು ಬಣ್ಣ 6, ಎರಡೂ ಬಿಳಿ 1. ನಾನು ‘ಎರಡೂ ಕೆಂಪು’ ಅನ್ನುವುದನ್ನು 1ರಿಂದ ಕಳೆದಿದ್ದೆ: 1 − 3/10. ಅವಳು ‘ಒಂದೂ ಕೆಂಪಲ್ಲ’ ಅಂದುಕೊಂಡಿದ್ದಳು. ಲೆಕ್ಕ ಇಬ್ಬರದೂ ಸರಿ, ಎಡವಟ್ಟಾಗಿದ್ದು ಕನ್ನಡದಲ್ಲಿ!

ಯೋಚಿಸಿದರೆ ಅವಳ ಕಡೆಯೇ ನ್ಯಾಯ ಜಾಸ್ತಿ. ಅಂಗಡಿಯಲ್ಲಿ ಎರಡು ಸೀರೆ ನೋಡಿ ‘ಎರಡೂ ಬೇಡ’ ಅಂದರೆ ಅಂಗಡಿಯವರು ಸುಮ್ನೆ ಎರಡನ್ನೂ ಮಡಚಿಡುತ್ತಾರೆ. ಆದರೆ ‘ಎಲ್ಲರೂ ಬಂದಿಲ್ಲ’ ಅಂದರೆ ಸ್ವಲ್ಪ ಜನ ಬಂದಿದ್ದಾರೆ ಅಂತ, ಅಲ್ವಾ? ಒಬ್ಬರೂ ಇಲ್ಲದಿದ್ದರೆ ‘ಯಾರೂ ಬಂದಿಲ್ಲ’ ಅನ್ನುತ್ತೇವೆ. ಅದೇ ‘ಊ’, ಕೊನೆಯಲ್ಲಿ ಅದೇ ಇಲ್ಲ-ಬೇಡ. ಎರಡಿದ್ದಾಗ ಒಂದು ಅರ್ಥ, ತುಂಬಾ ಇದ್ದಾಗ ಇನ್ನೊಂದು. ಇದು ಯಾಕೆ ಹೀಗೆ?

ನಾನು ಕೇಳಿದಂಥ, ಒಂದು ಘಟನೆ ನಡೆಯದಿರುವುದಕ್ಕೆ ಪಠ್ಯದಲ್ಲಿ ‘ಪೂರಕ ಘಟನೆ’ ಅಂತಿದೆ. 1 ಆಗಲು ಬಾಕಿ ಇರುವುದನ್ನು ತುಂಬುವುದು ಅಂದರೆ ಪದ ಸರಿಯೇ. (ನನಗಂತೂ ಪೂರಕ ಅಂದ ಕೂಡಲೇ ಫೇಲಾದವರ ಪೂರಕ ಪರೀಕ್ಷೆ ನೆನಪಾಗುತ್ತದೆ.) ‘ಅಸಂಭವ’ ಇಲ್ಲಿ ನಡೆಯುವುದಿಲ್ಲ, ಅದರ ಸಂಭವನೀಯತೆ 0. ‘ಆಗದ’ ಅಂತ ಬರೆದರೂ ಅದೇ ತೊಡಕು, ‘ಅದೆಲ್ಲ ಆಗದ ಮಾತು’ ಅನ್ನುತ್ತೇವಲ್ಲ. ‘ಆಗದಿರುವ’ ಪರವಾಗಿಲ್ಲ.

ಸದ್ಯಕ್ಕೆ ಪ್ರಶ್ನೆಯನ್ನು ‘ಒಂದಾದರೂ ಬಿಳಿ ಬರುವ’ ಅಂತ ತಿರುಗಿಸಿ ಬರೆದಿದ್ದೇನೆ. ಸಮಾಧಾನವಿಲ್ಲ. ಡಬ್ಬಿಯಲ್ಲಿ ಹಸಿರು, ಹಳದಿ ಗುಂಡಿಗಳೂ ಇದ್ದರೆ ಆ ವಾಕ್ಯ ಕೆಲಸಕ್ಕೆ ಬಾರದು. ‘ಎರಡಕ್ಕೆ ಎರಡೂ ಕೆಂಪೇ ಆಗದಿರುವ’ ಅಂದರೆ ನಿಮ್ಮ ಕಿವಿಗೆ 7/10 ಅಂತ ಕೇಳಿಸುತ್ತದೆಯೇ? ಗಣಿತ ಪಾಠ ಮಾಡುವ ಮೇಷ್ಟ್ರು, ಮೇಡಂಗಳು ಇದ್ದರೆ ತರಗತಿಯಲ್ಲಿ ಹೇಗೆ ಹೇಳುತ್ತೀರಿ ತಿಳಿಸಿ.