ಒಬ್ಬರಿಗೆ ಕೂಲಿ ಏರಿಸಿದರೆ ಉಳಿದವರ ಕೈ ಯಾಕೆ ನಿಲ್ಲುತ್ತೆ? (ಪ್ರಶ್ನೋತ್ತರ)

ಅಡ್ಮಿನ್: ಇವತ್ತು ರಾತ್ರಿ 9ರವರೆಗೆ ಕೂಲಿ, ಸಂಬಳ, ಕೆಲಸದ ಬಗ್ಗೆ ಏನಿದ್ದರೂ ಕೇಳಿ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮೇಡಂ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಬೇಡ, ಪಕ್ಷದ ಜಗಳ ಬೇಡ.

ಹಾಸನದ ರೈತ: ನಮಸ್ಕಾರ ಮೇಡಂ. ಗೃಹಲಕ್ಷ್ಮಿ 2000 ರೂಪಾಯಿ ಬರೋಕೆ ಶುರುವಾದ ಮೇಲೆ ಶುಂಠಿ ಕೀಳೋಕೆ ಆಳೇ ಸಿಗಲ್ಲ. ಪುಕ್ಕಟೆ ದುಡ್ಡು ಜನರನ್ನು ಸೋಮಾರಿ ಮಾಡುತ್ತೆ ಅಂತ ಸಂಶೋಧನೆ ಇದೆಯಾ?

ಮೇಡಂ: ನಮಸ್ಕಾರ. ಇದೆ, ಆದರೆ ಉಲ್ಟಾ ಹೇಳುತ್ತೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಯವರು ಮೆಕ್ಸಿಕೊ, ಇಂಡೊನೇಷ್ಯಾ ಸೇರಿ 6 ದೇಶಗಳ 7 ನಗದು ಯೋಜನೆಗಳನ್ನು ಪರೀಕ್ಷಿಸಿದರು. ದುಡ್ಡು ಬಂತು ಅಂತ ಜನ ಕೆಲಸ ಬಿಟ್ಟಿದ್ದು ಕಾಣಲಿಲ್ಲ. ಗೃಹಲಕ್ಷ್ಮಿ ಆ ಲೆಕ್ಕದಲ್ಲಿಲ್ಲ, ಅದು ಆಮೇಲೆ ಬಂದಿದ್ದು. ಆದರೂ ತಿಂಗಳಿಗೆ 2000 ಅಂದರೆ ದಿನಕ್ಕೆ ಸುಮಾರು 67 ರೂಪಾಯಿ. ಅಷ್ಟಕ್ಕೆ ನಿಮ್ಮ ಹೊಲ ಬಿಡುತ್ತಾರೆ ಅಂದರೆ ನೀವು ಎಷ್ಟು ಕೊಡ್ತೀರಿ ಅಂತ ಕೇಳಬೇಕಾಗುತ್ತೆ.

ಸುಳ್ಯ ಹಾಳೆತಟ್ಟೆ: ಮೇಡಂ, ನಮ್ಮದು ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ. ನಾಲ್ಕು ಜನ ಹೆಂಗಸರು, ದಿನಗೂಲಿ. ಒಬ್ಬರು ತುಂಬಾ ಚುರುಕು, ಅವರಿಗೆ ಯುಗಾದಿಯಿಂದ 30 ರೂಪಾಯಿ ಜಾಸ್ತಿ ಮಾಡಿ ಯಾರಿಗೂ ಹೇಳಬೇಡಿ ಅಂದೆ. ಹೇಗೋ ಗೊತ್ತಾಯಿತು. ಈಗ ಉಳಿದ ಮೂವರೂ ತಡವಾಗಿ ಬರುತ್ತಾರೆ, ಒಬ್ಬರು ವಾರದಲ್ಲಿ ಎರಡು ದಿನ ಬರುವುದೇ ಇಲ್ಲ. ಮೊದಲು ಒಬ್ಬರ ಹಾಳೆ ನೆನೆದಿರದಿದ್ದರೆ ಇನ್ನೊಬ್ಬರು ತಮ್ಮದನ್ನು ಕೊಡುತ್ತಿದ್ದರು, ಈಗ ಮಾತೇ ಇಲ್ಲ. ಅವರ ಕೂಲಿಯಲ್ಲಿ ನಾನು ಒಂದು ರೂಪಾಯಿಯೂ ಕಡಿಮೆ ಮಾಡಿಲ್ಲ!

ಮೇಡಂ: ಯಾರು ಎಷ್ಟು ತಟ್ಟೆ ಒತ್ತಿದರು ಅಂತ ಬೇರೆಬೇರೆ ಎಣಿಸುತ್ತೀರಾ?

ಸುಳ್ಯ ಹಾಳೆತಟ್ಟೆ: ಇಲ್ಲ, ಎಲ್ಲರದ್ದೂ ಒಂದೇ ರಾಶಿ. ಸಂಜೆ ಸೀಳಿದ್ದು ತೆಗೆದು 25ರ ಕಟ್ಟು ಮಾಡುತ್ತೇವೆ.

ಉದ್ಯಮಿ ಮಿತ್ರ: (ಫಾರ್ವರ್ಡ್) ಆಳುಗಳನ್ನು ಹಿಡಿದಿಡುವ 5 ಸೂತ್ರ! 1. ಸಂಬಳ ಗುಟ್ಟಾಗಿಡಿ. 2. ಒಂದು ತಿಂಗಳ ಕೂಲಿ ಯಾವಾಗಲೂ ನಿಮ್ಮ ಕೈಯಲ್ಲೇ ಇರಲಿ, ಓಡಿಹೋಗಲ್ಲ...

ಮೇಡಂ: ಸುಳ್ಯದವರೇ, ನಿಮ್ಮ ಘಟಕದಲ್ಲಿ ಆಗಿದ್ದನ್ನೇ ಒಡಿಶಾದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ, 2018ರಲ್ಲಿ ಪ್ರಕಟವಾಯಿತು. ಮೂರು ಮೂರು ಜನರ ಗುಂಪು, ಗುಂಪಿನ ಮೂವರದ್ದೂ ಒಂದೇ ಬಗೆಯ ಕೆಲಸ, ಒಂದು ತಿಂಗಳು. ಕೆಲವು ಗುಂಪುಗಳಲ್ಲಿ ಎಲ್ಲರಿಗೂ ಸಮ ಕೂಲಿ, ಕೆಲವದರಲ್ಲಿ ಚುರುಕಿನ ಮೇಲೆ ಸ್ವಲ್ಪ ಹೆಚ್ಚುಕಮ್ಮಿ. ಯಾರು ಎಷ್ಟು ಮಾಡುತ್ತಾರೆ ಅಂತ ಕಣ್ಣಿಗೆ ಕಾಣದ ಕೆಲಸಗಳಲ್ಲಿ ಈ ಹೆಚ್ಚುಕಮ್ಮಿ ಬಂದಾಗ ಉತ್ಪಾದನೆ ಇಳಿಯಿತು, ಹಾಜರಿ 18 ಪರ್ಸೆಂಟೇಜ್ ಪಾಯಿಂಟ್ ಬಿತ್ತು, ಅಂದರೆ ನೂರು ದಿನಕ್ಕೆ 18 ದಿನ ಕಮ್ಮಿ. ದಿನಗೂಲಿಯಲ್ಲಿ ರಜಾ ಹಾಕಿದರೆ ಕೂಲಿ ಇಲ್ಲ, ಗೊತ್ತಲ್ಲ? ಅಂದರೆ ಸ್ವಂತ ದುಡ್ಡು ಕಳೆದುಕೊಂಡು ಮನೆಯಲ್ಲಿ ಕೂತರು. ತಮಗೇ ಲಾಭವಾಗುವ ಕಡೆಯೂ ಒಬ್ಬರಿಗೊಬ್ಬರು ಕೈಜೋಡಿಸಲಿಲ್ಲ. ನಿಮ್ಮ ನೆನೆದ ಹಾಳೆಯ ಕಥೆ ಓದಿ ನನಗೆ ಅದೇ ನೆನಪಾಯಿತು.

ಮುಖ್ಯವಾದದ್ದು ಇನ್ನೊಂದಿದೆ. ಜಾಸ್ತಿ ಪಡೆಯುವವರು ನಿಜಕ್ಕೂ ಜಾಸ್ತಿ ಮಾಡುತ್ತಾರೆ ಅಂತ ಎಲ್ಲರ ಕಣ್ಣಿಗೂ ಕಂಡ ಕಡೆ ಈ ಯಾವ ತೊಂದರೆಯೂ ಆಗಲಿಲ್ಲ. ನಿಮ್ಮಲ್ಲಿ ಚುರುಕು ನಿಮಗೆ ಮಾತ್ರ ಗೊತ್ತು, ಉಳಿದವರಿಗೆ ಕಾಣುವುದು ಒಂದು ರಾಶಿ ಮತ್ತು 30 ರೂಪಾಯಿ. ನಾಲ್ಕು ಬುಟ್ಟಿ ಇಡಿ, ಸಂಜೆ ಎಲ್ಲರ ಎದುರೇ ಎಣಿಸಿ, ಸೀಳಿದ್ದನ್ನು ಅವರವರ ಲೆಕ್ಕದಲ್ಲೇ ಕಳೆಯಿರಿ. ಮೊದಲು ಯಾವ ಮಷಿನ್ ನಿಧಾನ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಮಷಿನ್ ತಪ್ಪಿಗೆ ಮನುಷ್ಯರನ್ನು ಅಳೆದ ಹಾಗಾಗುತ್ತೆ. ಕೊಟ್ಟ 30 ವಾಪಸ್ ತೆಗೆಯಬೇಡಿ, ಆಗ ನಾಲ್ಕನೆಯವರೂ ಹೋಗುತ್ತಾರೆ.

ಉದ್ಯಮಿ ಮಿತ್ರರೇ, ಸಂಬಳ ಗುಟ್ಟಾಗಿಡು ಅನ್ನುವುದನ್ನು ಇವರು ಮಾಡಿಯೇ ಇಲ್ಲಿಗೆ ಬಂದಿದ್ದು. ಎರಡನೇ ಸೂತ್ರ ಕಾನೂನಿಗೆ ವಿರುದ್ಧ, ದಯವಿಟ್ಟು ಯಾರೂ ಮಾಡಬೇಡಿ. ಲಾಭವೂ ಇಲ್ಲ. ಒಡಿಶಾದಲ್ಲೇ ಎಲೆ ತಟ್ಟೆ ಹೊಲಿಯುವವರಿಗೆ ಅದೇ ಕೂಲಿಯ ಒಂದು ಪಾಲನ್ನು ಬೇಗ ಕೊಟ್ಟು ನೋಡಿದರು. ದುಡ್ಡು ಕೈಗೆ ಬಂದ ಮೇಲೆ ಕೆಲಸ ಸುಮಾರು 7% ಹೆಚ್ಚಾಯಿತು, ತಪ್ಪು ಕಡಿಮೆಯಾಯಿತು. ಸಾಲದ ಚಿಂತೆ ತಲೆಯಲ್ಲಿದ್ದರೆ ಕೈ ಓಡಲ್ಲ.

ಉದ್ಯಮಿ ಮಿತ್ರ: ಸುಮ್ನೆ ಒಳ್ಳೆಯದಕ್ಕೆ ಹಾಕಿದ್ದು ಮೇಡಂ.

ಅರಕಲಗೂಡು: ಮೇಡಂ, ನಮ್ಮೂರಲ್ಲಿ ಕೆಲಸ ಇಲ್ಲದೆ ಕಟ್ಟೆ ಮೇಲೆ ಕೂತಿರುತ್ತಾರೆ, 50 ರೂಪಾಯಿ ಕಡಿಮೆಗೆ ಕರೆದರೆ ಬರಲ್ಲ. ಇದು ಸೊಕ್ಕಲ್ವಾ?

ಮೇಡಂ: ಅಲ್ಲ. ಅದಕ್ಕೂ ಒಡಿಶಾದಲ್ಲೇ ಪ್ರಯೋಗ ಆಗಿದೆ. ಯಾರೂ ನೋಡದಿದ್ದರೆ ಕಡಿಮೆಗೂ ಒಪ್ಪುತ್ತಾರೆ, ಊರವರ ಎದುರು ಒಪ್ಪಲ್ಲ. ಅದಕ್ಕಾಗಿ ವಾರದ ಸರಾಸರಿ ಗಳಿಕೆಯ 38% ಬಿಟ್ಟುಕೊಟ್ಟರು. ಒಬ್ಬ ಇಳಿದರೆ ಎಲ್ಲರ ಕೂಲಿ ಇಳಿಯುತ್ತೆ ಅಂತ ಅವರಿಗೆ ಗೊತ್ತು.

ಹಾಸನದ ರೈತ: ಅಂದರೆ ಕಟ್ಟೆ ಮೇಲೆ ಯೂನಿಯನ್. ಸರಿ ಹೋಯ್ತು.

ಗಾರ್ಮೆಂಟ್ಸ್ ಅಕ್ಕ: ಅಣ್ಣ, ಶುಂಠಿ ರೇಟ್ ಬಿದ್ದಾಗ ನೀವು ಕಾಯ್ತೀರಲ್ಲ, ಅದಕ್ಕೆ ಏನಂತಾರೆ?

ಹಾಸನದ ರೈತ: ಮಳೆ, ರೋಗ, ಸಾಲ ಎಲ್ಲಾ ನಮ್ಮ ತಲೆ ಮೇಲೆ. ತಿಂಗಳ ಸಂಬಳದವರಿಗೆ ಅರ್ಥ ಆಗಲ್ಲ ಬಿಡಮ್ಮ.

ಗಾರ್ಮೆಂಟ್ಸ್ ಅಕ್ಕ: ಬನ್ನಿ, ಏಪ್ರಿಲ್‌ನಲ್ಲಿ ಒಂದು ದಿನ ನಮ್ಮ ಲೈನ್‌ನಲ್ಲಿ ಕೂತು ಕಾಲರ್ ಹೊಲಿದು ಟಾರ್ಗೆಟ್ ಮುಟ್ಟಿಸಿ. ಮೇಡಂ, ಬಿಸಿಲಿಗೆ ಪೀಸ್ ಕಡಿಮೆಯಾದರೆ ನಮ್ಮನ್ನೇ ಬೈತಾರೆ. ಇದರ ಬಗ್ಗೆ ಏನಾದರೂ ಇದೆಯಾ?

ಮೇಡಂ: ಇದೆ, ಬೆಂಗಳೂರಿನದ್ದೇ. ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರು, ಕರೆಂಟ್ ಉಳಿಸೋಕೆ. ಎಲ್‌ಇಡಿಗೆ ಬಿಸಿ ಕಡಿಮೆ, ಬಿಸಿಲಿನ ದಿನಗಳಲ್ಲಿ ಉತ್ಪಾದನೆಯೂ ಏರಿತು. ಸೋಮಾರಿತನ ದೀಪದಲ್ಲಿತ್ತು ಅನ್ನಿ.

ಕನಕಪುರ: ಮೇಡಂ, ಗ್ಯಾರಂಟಿ ಕೊಟ್ಟಿದ್ದರಿಂದ ಆಳು ಸಿಗ್ತಿಲ್ಲ ಅಂತಾರಲ್ಲ, ನಿಜಾನಾ?

ಮೇಡಂ: ಮೇಲೆ ಓದಿ.

ಬಿಎ ಫೈನಲ್: ಮೇಡಂ, ಎಐ ಬಂದರೆ ಡೇಟಾ ಎಂಟ್ರಿ ಕೆಲಸ ಇರುತ್ತಾ?

ಉದ್ಯಮಿ ಮಿತ್ರ: (ಫಾರ್ವರ್ಡ್) ಕನಿಷ್ಠ ಕೂಲಿ ಏರಿಸಿದರೆ ದೇಶದ ಎಲ್ಲಾ ಫ್ಯಾಕ್ಟರಿ ಬಾಗಿಲು ಹಾಕುತ್ತವೆ! ಶೇರ್ ಮಾಡಿ.

ಮೇಡಂ: 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಂಟೆಗೆ 4.25 ಇದ್ದದ್ದನ್ನು 5.05 ಡಾಲರ್ ಮಾಡಿದರು. ಕಾರ್ಡ್ ಮತ್ತು ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ಜೊತೆ ಹೋಲಿಸಿದರು, ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕೆಲಸ ಕಡಿಮೆಯಾಗಲಿಲ್ಲ. ಎಷ್ಟು ಏರಿಸಿದರೂ ನಡೆಯುತ್ತೆ ಅಂತ ಅದರ ಅರ್ಥ ಅಲ್ಲ. ನೀವು ಕಳಿಸುವುದನ್ನು ಒಮ್ಮೆಯಾದರೂ ಓದಿ ಕಳಿಸಿ.

ಹಾಸನದ ರೈತ: ಅಮೆರಿಕದ ಬರ್ಗರ್ ಅಂಗಡಿಗೂ ನಮ್ಮ ಹೊಲಕ್ಕೂ ಏನು ಸಂಬಂಧ?

ಗಾರ್ಮೆಂಟ್ಸ್ ಅಕ್ಕ: ಒಡಿಶಾದ್ದು ಹೇಳಿದಾಗಲೂ ನೀವು ಒಪ್ಪಲಿಲ್ಲ.

ಹಾಸನದ ರೈತ: ನಿನ್ನನ್ನು ಯಾರು ಕೇಳಿದ್ರು?

ಅಡ್ಮಿನ್: ಏಕವಚನ ಬೇಡ. ಇಬ್ಬರೂ ನಿಲ್ಲಿಸಿ.

ಬಿಎ ಫೈನಲ್: ಮೇಡಂ, ಎಐ ಪ್ರಶ್ನೆ?

ಅಡ್ಮಿನ್: 9 ಆಯ್ತು. ಗ್ರೂಪ್ ಬೆಳಿಗ್ಗೆವರೆಗೆ ಲಾಕ್.