ಕರೆಂಟು ಹೋಗಿ ಬಂದ ಮೇಲೆ ವಿಂಡೋಸ್, ಲಿನಕ್ಸ್ ಎರಡೂ ಶುರುವಾಗುತ್ತಿಲ್ಲ: ಫಾರ್ಮ್ಯಾಟ್ ಮಾಡಲೇಬೇಕೆ?

ಪ್ರಶ್ನೆ (ಡಿಟಿಪಿ ಅಂಗಡಿಯವರು, ದಾವಣಗೆರೆ)

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಕಾಲೇಜು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಎಲ್ಲವೂ ಒಂದೇ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ನಡೆಯುತ್ತವೆ. ಹಳೆಯ ಗಿರಾಕಿಗಳ ಫೈಲುಗಳು ನುಡಿ ತಂತ್ರಾಂಶದಲ್ಲಿ ಇರುವುದರಿಂದ ವಿಂಡೋಸ್ 10 ಅನ್ನು ಬಿಡುವಂತಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದುದರಿಂದಲೂ, ನಮ್ಮ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಳ್ಳುವ ಅರ್ಹತೆ ಇಲ್ಲದ್ದರಿಂದಲೂ, ಇಂಟರ್‌ನೆಟ್ ಕೆಲಸಕ್ಕೆಂದು ಅದೇ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮಿಂಟ್ ಕೂಡ ಹಾಕಿಕೊಂಡಿದ್ದೇವೆ. ಕಂಪ್ಯೂಟರ್ ಆನ್ ಮಾಡಿದಾಗ ಮೆನು ಬಂದು, ಬೇಕಾದುದನ್ನು ಆರಿಸಿಕೊಳ್ಳುವ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು.

ಮೊನ್ನೆ ಟ್ರಾನ್ಸ್‌ಫಾರ್ಮರ್ ದುರಸ್ತಿಗೆಂದು ಇಡೀ ದಿನ ಕರೆಂಟು ಇರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಹುಡುಗನಿಗೆ, ಎಫ್1 ಒತ್ತಿದರೆ ಸೆಟಪ್, ಎಫ್2 ಒತ್ತಿದರೆ ಡಿಫಾಲ್ಟ್ ಎಂಬ ಸೂಚನೆ ಪರದೆಯಲ್ಲಿ ಕಂಡಿತಂತೆ. ಅವನು ಎಫ್2 ಒತ್ತಿದ್ದಾನೆ. ಅಂದಿನಿಂದ ಕಪ್ಪು ಪರದೆಯ ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬ ಸಾಲೊಂದೇ ಬರುತ್ತಿದೆ. ಮೆನುವೂ ಇಲ್ಲ, ವಿಂಡೋಸೂ ಇಲ್ಲ. ಬಯಾಸ್ (ಮದರ್‌ಬೋರ್ಡಿನ ಸೆಟಪ್) ಒಳಗೆ ಹೋಗಿ ನೋಡಿದರೆ ಎಸ್‌ಎಸ್‌ಡಿಯ ಹೆಸರು ಕಾಣುತ್ತದೆ. ಇದಕ್ಕೂ ಮೊದಲು ಕೆಲವು ದಿನ ತಾರೀಖು ಹಿಂದಕ್ಕೆ ಹೋಗಿ, ಬ್ರೌಸರ್ ಯಾವ ತಾಣವನ್ನೂ ತೆರೆಯದೆ ಗಡಿಯಾರ ಸರಿಪಡಿಸಿ ಎನ್ನುತ್ತಿದ್ದುದುಂಟು. ಸರಿಪಡಿಸಿಕೊಂಡು ಕೆಲಸ ಮುಂದುವರಿಸುತ್ತಿದ್ದೆವು. ರಿಪೇರಿ ಅಂಗಡಿಯೊಂದರಲ್ಲಿ ಕೇಳಿದಾಗ ಪೂರ್ತಿ ಫಾರ್ಮ್ಯಾಟ್ ಮಾಡದೆ ಗತಿಯಿಲ್ಲ ಎಂದರು. ಮದುವೆಯ ಸೀಸನ್ನಿನ ಕೆಲಸವೆಲ್ಲ ಅದರೊಳಗಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹರಿಹರದಿಂದ)

ಎರಡು ಕಾರ್ಯಾಚರಣಾ ವ್ಯವಸ್ಥೆಗಳಿರುವ ಕಂಪ್ಯೂಟರುಗಳಲ್ಲಿ ಹೀಗಾದರೆ ಬಹುತೇಕ ಗ್ರಬ್, ಅಂದರೆ ಯಾವ ವ್ಯವಸ್ಥೆ ಬೇಕೆಂದು ಕೇಳುವ ಆ ಮೆನು ತೋರಿಸುವ ಲಿನಕ್ಸ್‌ನ ತಂತ್ರಾಂಶ, ಕೆಟ್ಟಿರುತ್ತದೆ. ಮಿಂಟ್‌ನ ಪೆನ್‌ಡ್ರೈವ್ ಹಾಕಿ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ) ಶುರು ಮಾಡಿದರೆ ಅದರ ಮೆನುವಿನಲ್ಲಿಯೇ ಬೂಟ್ ರಿಪೇರ್ ಎಂಬ ಉಪಕರಣ ಸಿಗುತ್ತದೆ. ಅದನ್ನು ಓಡಿಸಿ, ಅದು ಶಿಫಾರಸು ಮಾಡುವ ದುರಸ್ತಿಗೆ ಒಪ್ಪಿಗೆ ಕೊಡಿ. ಫಾರ್ಮ್ಯಾಟ್ ಬೇಕಾಗುವುದಿಲ್ಲ.

ಉತ್ತರ (ಹಾರ್ಡ್‌ವೇರ್ ಕೆಲಸದವರು, ಚಿತ್ರದುರ್ಗ)

ಫಾರ್ಮ್ಯಾಟ್ ಬೇಡ ಎಂಬ ಮಾತನ್ನು ಒಪ್ಪುತ್ತೇನೆ. ಬೀಗದ ಕೈ ಸಿಗಲಿಲ್ಲವೆಂದು ಯಾರೂ ಮನೆ ಕೆಡವುವುದಿಲ್ಲ. ಆದರೆ ಗ್ರಬ್ ದುರಸ್ತಿಗೆ ಈಗಲೇ ಕೈ ಹಾಕುವುದೂ ಬೇಡ.

ಗ್ರಬ್ ಕೆಟ್ಟಾಗ ಸಾಮಾನ್ಯವಾಗಿ ಪರದೆಯ ಮೇಲೆ ಅದರ ಹೆಸರೇ ಬರುತ್ತದೆ: ‘ಗ್ರಬ್ ರೆಸ್ಕ್ಯೂ’ ಎಂದು ತೋರಿಸಿ ಕರ್ಸರ್ ಮಿನುಗುತ್ತ ನಿಂತುಬಿಡುತ್ತದೆ. ಲಿನಕ್ಸ್ ಇದ್ದ ಪಾರ್ಟಿಶನ್ನನ್ನು ವಿಂಡೋಸ್ ಕಡೆಯಿಂದ ಅಳಿಸಿದವರ ಕಂಪ್ಯೂಟರುಗಳಲ್ಲಿ ಅದನ್ನು ನೋಡಬಹುದು. ನೀವು ಬರೆದಿರುವ ಸಾಲು ಗ್ರಬ್‌ನದಲ್ಲ, ಮದರ್‌ಬೋರ್ಡಿನದು. ಸರದಿ ಗ್ರಬ್‌ವರೆಗೆ ಬಂದೇ ಇಲ್ಲವೆಂದು ಅದರ ಅರ್ಥ. ಹಿಂದಕ್ಕೆ ಹೋಗುವ ತಾರೀಖು, ದಿನವಿಡೀ ಇಲ್ಲದ ಕರೆಂಟು, ಹುಡುಗ ಒತ್ತಿದ ಎಫ್2, ಈ ಮೂರನ್ನೂ ಜೋಡಿಸಿ ನೋಡಿದರೆ ನನಗೆ ಅನುಮಾನ ಬರುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಮಾಸ್ ಬ್ಯಾಟರಿಯ ಮೇಲೆ.

ಗೋಡೆಯ ಸ್ವಿಚ್ ಆನ್ ಇರುವ ತನಕ, ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ) ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಬ್ಯಾಟರಿ ಸತ್ತಿರುವುದು ಗೊತ್ತೇ ಆಗುವುದಿಲ್ಲ. ಮೇನ್ ಆಫ್ ಮಾಡಿ ಮನೆಗೆ ಹೋದಾಗ, ಇಲ್ಲವೇ ಇಡೀ ದಿನ ಕರೆಂಟು ಹೋದಾಗ ಗಡಿಯಾರವೂ ಬಯಾಸ್ ಸೆಟ್ಟಿಂಗುಗಳೂ ಆ ಬ್ಯಾಟರಿಯನ್ನೇ ನಂಬಿಕೊಂಡಿರಬೇಕು. ಮೊದಲು ಗಡಿಯಾರ ತಪ್ಪಿತು, ಆಮೇಲೆ ಸೆಟ್ಟಿಂಗುಗಳು ಹೋದವು, ಎಫ್2 ಒತ್ತಿದಾಗ ಕಾರ್ಖಾನೆಯ ಸೆಟ್ಟಿಂಗುಗಳು ಬಂದು ಕೂತವು.

ಕಂಪ್ಯೂಟರ್ ಶುರುವಾಗುವ, ಅಂದರೆ ಬೂಟ್ ಆಗುವ, ವಿಧಾನಗಳು ಎರಡು: ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಹಳೆಯ ಬೋರ್ಡುಗಳಲ್ಲಿ ಆ ಕಾರ್ಖಾನೆಯ ಸೆಟ್ಟಿಂಗ್ ಹಲವು ಬಾರಿ ‘ಲೆಗಸಿ’ ಎಂದಿರುತ್ತದೆ. ಯುಇಎಫ್‌ಐ ವಿಧಾನದಲ್ಲಿ ಮದರ್‌ಬೋರ್ಡ್ ಡಿಸ್ಕಿನ ಒಂದು ಚಿಕ್ಕ ಫ್ಯಾಟ್32 ಪಾರ್ಟಿಶನ್ನನ್ನು ತೆರೆದು, ವಿಂಡೋಸ್ ಮತ್ತು ಲಿನಕ್ಸ್ ಅಲ್ಲಿ ಇಟ್ಟಿರುವ ಬೂಟ್ ಫೈಲುಗಳನ್ನು ಓದುತ್ತದೆ. ಲೆಗಸಿ ವಿಧಾನದಲ್ಲಾದರೋ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಬೂಟ್ ಕೋಡ್ ಇದೆಯೇ ಎಂದಷ್ಟೇ ನೋಡುತ್ತದೆ. ಯುಇಎಫ್‌ಐ ವಿಧಾನದಲ್ಲಿ ಇನ್‌ಸ್ಟಾಲ್ ಆದ ಜಿಪಿಟಿ (ಪಾರ್ಟಿಶನ್ ಪಟ್ಟಿಯ ಹೊಸ ಮಾದರಿ) ಡಿಸ್ಕಿನಲ್ಲಿ ಆ ಜಾಗದಲ್ಲಿ ಕೋಡ್ ಇರುವುದಿಲ್ಲ. ಹೀಗಾಗಿ ಎರಡೂ ವ್ಯವಸ್ಥೆಗಳು ಸುರಕ್ಷಿತವಾಗಿದ್ದರೂ ಬೋರ್ಡು ಏನೂ ಇಲ್ಲವೆನ್ನುತ್ತದೆ.

ಮೊದಲು ಬ್ಯಾಟರಿ ಬದಲಿಸಿ. ಇಲ್ಲದಿದ್ದರೆ ಮುಂದಿನ ಸಲ ಕರೆಂಟು ಹೋದಾಗ ಮಾಡಿದ್ದೆಲ್ಲ ಮತ್ತೆ ಅಳಿಸಿಹೋಗುತ್ತದೆ. ಸಿಆರ್2032 ಎಂದು ಕೇಳಿದರೆ ಮಂಡಿಪೇಟೆಯ ಕಡೆ ಗಡಿಯಾರ ರಿಪೇರಿಯವರಲ್ಲಿಯೂ ಸಿಗುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಪಕ್ಕದ ಲೋಹದ ಕೊಕ್ಕೆಯನ್ನು ಸ್ವಲ್ಪ ಹೊರಕ್ಕೆ ತಳ್ಳಿದರೆ ಹಳೆಯದು ತಾನೇ ಮೇಲೇಳುತ್ತದೆ. ಹೊಸದನ್ನು ಅಕ್ಷರ ಇರುವ ಮುಖ ಮೇಲಾಗುವಂತೆ ಕೂರಿಸಿ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ: ಅದು 3 ವೋಲ್ಟಿನ ಬ್ಯಾಟರಿ, ತೀರಾ ಕೆಳಗಿದ್ದರೆ ಅನುಮಾನ ನಿಜವಾಯಿತು.

ಆಮೇಲೆ ಬಯಾಸ್‌ಗೆ ಹೋಗಿ, ಏನನ್ನಾದರೂ ಮುಟ್ಟುವ ಮುನ್ನ ಪ್ರತಿ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ತಾರೀಖು ಸರಿಪಡಿಸಿ, ಬೂಟ್ ವಿಧಾನವನ್ನು ಯುಇಎಫ್‌ಐಗೆ ತನ್ನಿ. ಬೋರ್ಡು ಡಿಸ್ಕಿನೊಡನೆ ವ್ಯವಹರಿಸುವ ಸಾಟಾ ವಿಧಾನವನ್ನೂ ನೋಡಿ, ಅದರಲ್ಲಿ ಎಎಚ್‌ಸಿಐ ಹೊಸದು, ಐಡಿಇ ಹಳೆಯದು: ಮೊದಲು ಎಎಚ್‌ಸಿಐ ಇದ್ದದ್ದು ಐಡಿಇ ಆಗಿಬಿಟ್ಟಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಆಗ ಜನ ಡಿಸ್ಕ್ ಹೋಯಿತೆಂದು ಸುಮ್ಮನೆ ಗಾಬರಿಯಾಗುತ್ತಾರೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿಕೊಂಡಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಲಿ. ಇಂತಹ ಬದಲಾವಣೆಗಳ ನಂತರ ಅದು ಕೀ ಕೇಳುವುದುಂಟು.

ಬೂಟ್ ಪಟ್ಟಿಯಲ್ಲಿ ಮಿಂಟ್ ಎಂಬ ಹೆಸರನ್ನು ಹುಡುಕಬೇಡಿ, ಅದು ಅಲ್ಲಿ ‘ಉಬುಂಟು’ ಎಂದೇ ಕಾಣುತ್ತದೆ. ಅದನ್ನು ಮೇಲಕ್ಕೆ ತಂದರೆ ಹಳೆಯ ಮೆನು ಬರಬೇಕು. ಆ ಹೆಸರೇ ಕಾಣೆಯಾಗಿದ್ದರೆ ಮಾತ್ರ ಹರಿಹರದವರು ಹೇಳಿದ ಬೂಟ್ ರಿಪೇರ್ ಬಳಸಿ. ಆಗಲೂ ಪೆನ್‌ಡ್ರೈವ್ ಆರಿಸುವಾಗ ಹೆಸರಿನ ಮುಂದೆ ಯುಇಎಫ್‌ಐ ಎಂದಿರುವುದನ್ನೇ ಆರಿಸಬೇಕು. ಲೆಗಸಿಯಲ್ಲಿ ಶುರು ಮಾಡಿ ದುರಸ್ತಿಗೆ ಹೊರಟರೆ ಅದು ಲೆಗಸಿಯ ಗ್ರಬ್ ಹಾಕಲು ನೋಡಿ, ಸರಳವಾಗಿದ್ದ ತೊಂದರೆ ಗೋಜಲಾಗುತ್ತದೆ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. ಹಳೆಯ ಬ್ಯಾಟರಿ 2 ವೋಲ್ಟಿಗಿಂತ ಕಡಿಮೆ ತೋರಿಸಿತು. ಹೊಸದನ್ನು ಹಾಕಿ, ಬೂಟ್ ವಿಧಾನ ಬದಲಿಸಿದ ಕೂಡಲೇ ವಿಂಡೋಸ್ ನೇರವಾಗಿ ಶುರುವಾಯಿತು. ಸಾಟಾ ಎಎಚ್‌ಸಿಐನಲ್ಲಿಯೇ ಇತ್ತು. ಪಟ್ಟಿಯಲ್ಲಿ ಉಬುಂಟು ಎಂಬ ಹೆಸರು ಇರಲಿಲ್ಲವಾದ್ದರಿಂದ, ಮೊದಲು ಲಗ್ನಪತ್ರಿಕೆಯ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಪೆನ್‌ಡ್ರೈವನ್ನು ತಾವು ಹೇಳಿದಂತೆಯೇ ಆರಿಸಿ ಬೂಟ್ ರಿಪೇರ್ ಓಡಿಸಿದೆವು. ಮೆನು ಮರಳಿ ಬಂದಿದೆ.

ಒಂದು ಸಂದೇಹ ಉಳಿದಿದೆ. ಮಿಂಟ್ ಬಳಸಿ ವಿಂಡೋಸ್‌ಗೆ ಹೋದರೆ ಸಮಯ ಹಿಂದಕ್ಕೆ ಹೋಗಿರುತ್ತದೆ. ಹೊಸ ಬ್ಯಾಟರಿಯೂ ಕೆಟ್ಟದ್ದೇ ಬಂತೆ?

ಉತ್ತರ (ಹಾರ್ಡ್‌ವೇರ್ ಕೆಲಸದವರು, ಚಿತ್ರದುರ್ಗ)

ಎಷ್ಟು ಹಿಂದಿದೆ ಎಂದು ನೋಡಿ. ವರ್ಷವೇ ತಪ್ಪಿದ್ದರೆ ಬ್ಯಾಟರಿ. ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ. ಮಿಂಟ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಸಮಯವನ್ನು (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಇಂಟರ್‌ನೆಟ್ ಸಿಕ್ಕಾಗ ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಪಡಿಸಿಕೊಳ್ಳುವುದರಿಂದ ಈ ಜಗಳ ಮುಗಿಯುವುದಿಲ್ಲ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಆದೇಶವಿದೆ. ಅದರ ‘ಸೆಟ್-ಲೋಕಲ್-ಆರ್‌ಟಿಸಿ’ ಆಯ್ಕೆಗೆ 1 ಎಂದು ಕೊಟ್ಟರೆ ಮಿಂಟ್ ಕೂಡ ಸ್ಥಳೀಯ ಸಮಯವನ್ನೇ ಬರೆಯುತ್ತದೆ. ಹಾಗೆ ಮಾಡಬಾರದೆಂದು ಅದೇ ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತದೆ. ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳವರಿಗೆ ಅದು ಮುಖ್ಯವಾದ ಎಚ್ಚರಿಕೆ. ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ಯೋಚಿಸಬೇಕಾಗಿಲ್ಲ.